ನಾನು ಕೈ ಹಚ್ಚದ ಟ್ರಕ್ಕು

ನನ್ನಲ್ಲೊಂದು ದುರ್ಗುಣವಿದೆ. ಯಾರಾದರೂ ಒಂದು ಕೆಲಸವನ್ನು ಸರಿಯಾಗಿ ಮಾಡಿ ಮುಗಿಸಿದ್ದರೆ, ಅದನ್ನು ಇನ್ನಷ್ಟು ಸರಿ ಮಾಡದೆ ನನಗೆ ಊಟ ಸೇರುವುದಿಲ್ಲ. ಹೆಂಡತಿ ಮಡಚಿಟ್ಟ ಸೀರೆಯನ್ನು ಬಿಚ್ಚಿ ಮತ್ತೆ ಮಡಚುತ್ತೇನೆ. ನೆಂಟರ ಮನೆಯ ಗೋಡೆಯಲ್ಲಿ ದೇವರ ಪಟ ವಾರೆಯಾಗಿದ್ದರೆ, ಅವರ ಕುಶಲ ಕೇಳುವುದಕ್ಕೂ ಮೊದಲು ಎದ್ದು ಅದನ್ನು ನೆಟ್ಟಗೆ ಮಾಡುತ್ತೇನೆ. ಒಮ್ಮೆ ಹೀಗೆ ಮಾಡಲು ಹೋಗಿ ಮೊಳೆಯೇ ಕಿತ್ತು ಬಂದು, ಆ ಪಟವನ್ನು ಎದೆಗವಚಿಕೊಂಡೇ ಚಹಾ ಕುಡಿಯಬೇಕಾಯಿತು. ತಪ್ಪು ಪೂರ್ತಿ ನನ್ನದಲ್ಲ. ನಮ್ಮದು ನೇಕಾರರ ಮನೆ. ಮಗ್ಗಕ್ಕೆ ಉದ್ದಕ್ಕೂ ಎಳೆದ ಹಾಸಿನಲ್ಲಿ ಒಂದು ಎಳೆ ಇನ್ನೊಂದರ ಮೇಲೆ ಅಡ್ಡ ಹಾದಿದ್ದರೆ ಮಗ್ಗ ನಿಲ್ಲಿಸಿ ತಿದ್ದಬೇಕೆಂಬುದನ್ನು ಅಪ್ಪ ನನಗೆ ಅಕ್ಷರ ಕಲಿಸುವ ಮೊದಲೇ ಕಲಿಸಿದ್ದರು.

ಸಂಸ್ಥಾನಗಳು ಇನ್ನೂ ಇದ್ದ ಕಾಲದ ಮಾತು. ನಮ್ಮೂರು ಬನಹಟ್ಟಿಯಿಂದ ಸೀರೆಯ ಗಂಟುಗಳನ್ನು ಸಾಗಿಸಲೆಂದು ನಾನೊಂದು ಹಳೆಯ ಟ್ರಕ್ಕು ಕೊಂಡಿದ್ದೆ. ಮುಂದೆ ಇಬ್ಬರು ಕೂರುವ ಸೀಟು, ಹಿಂದೆ ಹಲಗೆ ಬಡಿದ ತೆರೆದ ತೊಟ್ಟಿ. ನನ್ನ ಕೈಗೆ ಬರುವ ಮೊದಲೇ ಅದು ಮೂವರು ಯಜಮಾನರನ್ನು ಕಂಡು ಬೇಸತ್ತಿತ್ತು. ಹಾರ್ನ್ ಕೆಟ್ಟಿತ್ತಾದರೂ ಅದರ ಅಗತ್ಯವೇ ಬೀಳುತ್ತಿರಲಿಲ್ಲ. ಗಾಡಿ ಬರುವ ಸದ್ದು ಒಂದು ಹರದಾರಿಯಿಂದಲೇ ಕೇಳುತ್ತಿತ್ತು. ಪಕ್ಕದ ರಬಕವಿ ಕೂಗಿದರೆ ಕೇಳುವಷ್ಟು ಹತ್ತಿರವಿದ್ದರೂ ಬೇರೆ ಸಂಸ್ಥಾನದ ಊರು. ಟ್ರಕ್ಕು ಒಬ್ಬ ರಾಜರ ಸೀಮೆಯಲ್ಲಿ ಕೆಟ್ಟು ನಿಂತರೆ, ನಾವು ತಳ್ಳುತ್ತ ತಳ್ಳುತ್ತ ಇನ್ನೊಬ್ಬ ರಾಜರ ಸೀಮೆಗೆ ತಂದ ಮೇಲೆ ಶುರುವಾಗುತ್ತಿತ್ತು. ಆದರೂ ಅದರ ಮೇಲೆ ನನಗೆ ಬಹಳ ಪ್ರೀತಿ.

ನನ್ನ ಹೆಂಡತಿ ಗೌರವ್ವನ ತವರು ಬೀಳಗಿ. ಮದುವೆಯಾದ ಲಾಗಾಯ್ತಿನಿಂದ ಎತ್ತಿನ ಗಾಡಿಯಲ್ಲೇ ಮೈಕೈ ನೋಯಿಸಿಕೊಂಡು ಹೋಗಿ ಬರುತ್ತಿದ್ದಳು. ಟ್ರಕ್ಕು ಕೊಂಡ ದಿನ ನಾನು ಹುರುಪಿನಲ್ಲಿ, "ಇನ್ನ ಮ್ಯಾಲ ನೀ ತವರಮನಿಗೆ ಮೋಟಾರದಾಗ ಹೋಗಾಕಿ" ಎಂದುಬಿಟ್ಟೆ. ಎರಡು ವರ್ಷವಾದರೂ ಆ ಮಾತು ನಡೆಯಲಿಲ್ಲ. ಅವಳು ಹೊರಡುವ ಹೊತ್ತಿಗೇ ಟ್ರಕ್ಕಿಗೆ ಏನಾದರೂ ರೋಗ ಬರುತ್ತಿತ್ತು. ಅವಳು ಒಂದು ದಿನವೂ ಚುಚ್ಚಿ ಮಾತಾಡಲಿಲ್ಲ. ಆಡಿದ್ದರೆ ನನಗೆ ಹಗುರಾಗುತ್ತಿತ್ತು. ಅಷ್ಟರಲ್ಲಿ ಅವಳ ತಂಗಿಯ ಮದುವೆ ಗೊತ್ತಾಯಿತು. ಶುಕ್ರವಾರ ಹೊರಡಬೇಕು. ನನ್ನನ್ನು ನಂಬಿ ಅವಳು "ಈ ಸಲ ಮೋಟಾರದಾಗ ಬರ್ತೀವಿ" ಎಂದು ತವರಿಗೆ ಹೇಳಿ ಕಳಿಸಿಯೂಬಿಟ್ಟಳು.

ಟ್ರಕ್ಕನ್ನು ಜಮಖಂಡಿಯ ಮಿಸ್ತ್ರಿ ದಸ್ತಗೀರಸಾಬರಿಗೆ ಒಪ್ಪಿಸಿದೆ. ಮಾತು ಕಡಿಮೆ, ಕೈ ಹೆಚ್ಚು ಆಡುವ ಮನುಷ್ಯ. ಹೇಳಿದಂತೆ ಮಂಗಳವಾರ ತಾವೇ ನಡೆಸಿಕೊಂಡು ಬಂದು ಬಾಗಿಲಲ್ಲಿ ನಿಲ್ಲಿಸಿದರು. "ಸಾವ್ಕಾರ್ರ, ಹಾರ್ನೂ ಮಾಡೀನ್ರಿ. ಬೀಳಗಿ ಅಷ್ಟ ಅಲ್ಲ, ಬಿಜಾಪುರಕ್ಕ ಹೋಗ್ರಿ. ಆದರ ಬಾನೆಟ್ ಮಾತ್ರ ತಗೀಬ್ಯಾಡ್ರಿ" ಎಂದು ಹೇಳಿ ಹೋದರು.

ಅವರು ಓಣಿ ದಾಟುವವರೆಗೆ ತಡೆದುಕೊಂಡೆ. ಆಮೇಲೆ ಬಾನೆಟ್ ತೆಗೆದೆ. ಎಂಜಿನ್ನಿನ ಮೇಲೆ ಬೆಂಕಿಯ ಕಿಡಿ ಒಯ್ಯುವ ನಾಲ್ಕು ವಾಯರುಗಳಿದ್ದವು. ಒಂದರ ಮೇಲೆ ಒಂದು ಅಡ್ಡಾದಿಡ್ಡಿ ಹಾದಿದ್ದವು. ಇಷ್ಟು ಛಲೋ ಮಿಸ್ತ್ರಿ ಎಳೆ ಹೀಗೆ ಬಿಡುವುದೇ ಎಂದು ನನಗೆ ನಿಜವಾಗಿಯೂ ಕೆಡುಕೆನಿಸಿತು. ನಾಲ್ಕನ್ನೂ ಕಿತ್ತು, ಒಂದನ್ನೊಂದು ದಾಟದ ಹಾಗೆ ಸಾಲಾಗಿ ಜೋಡಿಸಿ, ಕದಲದಿರಲೆಂದು ಕೆಂಪು ರೇಷ್ಮೆ ದಾರದಿಂದ ಕಟ್ಟಿ ನೇಕಾರರ ಗಂಟು ಹಾಕಿದೆ. ನೋಡಲು ಎಷ್ಟು ಚಂದವಾಗಿತ್ತೆಂದರೆ, ಮುಚ್ಚಲು ಮನಸ್ಸೇ ಬರಲಿಲ್ಲ.

ಬುಧವಾರ ಬೆಳಿಗ್ಗೆ ಹ್ಯಾಂಡಲ್ ತಿರುಗಿಸಿದರೆ ಎಂಜಿನ್ನು ಶುರುವಾಗುವ ಬದಲು ಹಿಂದಿನ ಕೊಳವೆಯಿಂದ ಢಂ ಎಂದಿತು. ಎದುರುಮನೆಯ ಮುದುಕಿ ಅದನ್ನು ತೋಪೆಂದು ತಿಳಿದು, ಮಹಾರಾಜರ ಸವಾರಿ ಬಂತೆಂದು ಸೆರಗು ಹೊದ್ದು ಹೊರಗೆ ಬಂದಳು. ಓಣಿಯವರೆಲ್ಲ ಮಗ್ಗ ಬಿಟ್ಟು ಬಂದು ತಳ್ಳಿದರು. ಪೆಟ್ರೋಲು ಬರುವ ನಳಿಗೆಯನ್ನು ಬಾಯಿಂದ ಊದಿದೆ. ಅದು ತಿರುಗಿ ಬಾಯಿಗೇ ಬಂದು, ಮಧ್ಯಾಹ್ನದ ರೊಟ್ಟಿಯಲ್ಲೂ ಪೆಟ್ರೋಲಿನ ರುಚಿಯೇ ಇತ್ತು. ಸಂಜೆ ಚಹಾದಂಗಡಿಯಲ್ಲಿ ಕುಳಿತು ದಸ್ತಗೀರಸಾಬರ ಕೈಗುಣವನ್ನು ಹತ್ತು ಜನರೆದುರು ಜರಿದೆ.

"ನೀವೇನರ ಮುಟ್ಟಿದ್ರೇನು?" ಎಂದು ಗೌರವ್ವ ಕೇಳಿದಳು.

"ನಾ ಯಾಕ ಕೈ ಹಚ್ಚಲಿ?" ಎಂದೆ. ಸುಳ್ಳು ಹೇಳಿದೆ ಅಂತಲೂ ಅನಿಸಲಿಲ್ಲ. ನೆಟ್ಟಗೆ ಮಾಡುವುದು ನಮ್ಮ ಮನೆತನದಲ್ಲಿ ಮುಟ್ಟುವುದರ ಲೆಕ್ಕಕ್ಕೆ ಬರುವುದಿಲ್ಲ.

ಗುರುವಾರವೂ ಅದೇ ಪಾಡು. ಗೌರವ್ವ ನೆರೆಮನೆಯವರ ಎತ್ತಿನ ಗಾಡಿ ಕೇಳಿಟ್ಟಳು. ಮೋಟಾರಿನಿಂದ ಇಳಿಯುವಾಗ ಉಡಬೇಕೆಂದು ತೆಗೆದಿಟ್ಟಿದ್ದ ಹಸಿರು ಸೀರೆಯನ್ನು, ಗಾಡಿಯ ಧೂಳಿಗೆ ಯಾಕೆಂದು, ತಿರುಗಿ ಟ್ರಂಕಿನಲ್ಲಿ ಇಟ್ಟಳು. ಅದನ್ನು ನೋಡಿದ ಕೂಡಲೇ ಮಿಸ್ತ್ರಿಗೆ ಬರಲು ಜಮಖಂಡಿಗೆ ಹೇಳಿ ಕಳಿಸಿದೆ.

ಶುಕ್ರವಾರ ಬೆಳಿಗ್ಗೆ ಬಾಗಿಲಲ್ಲಿ ಎತ್ತು ಹೂಡಿದ ಗಾಡಿ ನಿಂತಿತ್ತು. ದಸ್ತಗೀರಸಾಬರು ಸೈಕಲ್ಲಿನ ಮೇಲೆ ಬಂದು ಬಾನೆಟ್ ಎತ್ತಿದರು. ಕೆಂಪು ದಾರ ನೋಡಿದರು. ನನ್ನನ್ನು ನೋಡಿದರು.

"ಯಾರರ ಕೈ ಹಚ್ಚಿದ್ರೇನ್ರಿ, ಸಾವ್ಕಾರ್ರ?"

ಹೊಸ್ತಿಲಲ್ಲಿ ಗೌರವ್ವ ಬಾನೆಟ್ಟಿನ ಕಡೆಯೇ ನೋಡುತ್ತ ನಿಂತಿದ್ದಳು. "ಇಲ್ಲಪಾ" ಎಂದೆ.

ಅವರು ನಿಧಾನವಾಗಿ ಗಂಟು ಬಿಚ್ಚಿ, ದಾರವನ್ನು ನನ್ನ ಅಂಗೈಯಲ್ಲಿ ಇಟ್ಟು, ಹೊಸ್ತಿಲ ಕಡೆ ತಿರುಗಿದರು. "ಅಕ್ಕಾರ, ನಂದ ತಪ್ಪಾಗೇತ್ರಿ. ವಾಯರ್ ಸಾಲಾಗಿ ಹಾಕಿಬಿಟ್ಟೀನಿ. ಈ ಎಂಜಿನ್ನಿಗೆ ಒಂದು, ಮೂರು, ನಾಕು, ಎರಡು ಅಂತ ಕಿಡಿ ಹೋಗಬೇಕ್ರಿ" ಎನ್ನುತ್ತ ವಾಯರುಗಳನ್ನು ಮತ್ತೆ ಅಡ್ಡಾದಿಡ್ಡಿಯಾಗಿಯೇ ಸಿಕ್ಕಿಸಿದರು.

ನನಗೆ ನಿಂತಲ್ಲೇ ನಾಚಿಕೆಯಾಯಿತು. ಅಂಚಿನ ಹೂ ಏಳಬೇಕಾದರೆ ಮಗ್ಗದ ಕೆಳಗಿನ ಹಲಗೆಗಳನ್ನು ನಾವೂ ಸಾಲಾಗಿ ತುಳಿಯುವುದಿಲ್ಲ. ಹುಟ್ಟಿದಾಗಿನಿಂದ ಕಂಡದ್ದು ಬಾನೆಟ್ಟಿನ ಮುಂದೆ ಮರೆತುಹೋಗಿತ್ತು. ತಪ್ಪು ನನ್ನದೆಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಒಂದೇ ಹ್ಯಾಂಡಲಿಗೆ ಎಂಜಿನ್ನು ಗುಡುಗಿತು. ಆ ಸದ್ದಿನಲ್ಲಿ ಹೇಳಿದರೂ ಕೇಳಿಸದೆಂದು ಬಾಯಿ ಮುಚ್ಚಿದೆ.

ಗೌರವ್ವ ಹಸಿರು ಸೀರೆ ಉಟ್ಟು ಬಂದು ಕುಳಿತಳು. ಜಮಖಂಡಿ ದಾಟುವವರೆಗೆ ಹೊಲ, ಬೇಲಿ, ಎದುರು ಬರುವ ಗಾಡಿಗಳನ್ನು ರಾಣಿಯ ಗತ್ತಿನಲ್ಲಿ ನೋಡುತ್ತಿದ್ದಳು. ಆಮೇಲೆ, "ಮಿಸ್ತ್ರಿ ದೊಡ್ಡ ಮನುಷ್ಯಾರು" ಎಂದಳು.

"ಹೌದು."

"ಆದರ ಆ ಗಂಟು ಅವರಿಗೆ ಹಾಕಾಕ ಬರೂದಿಲ್ಲ. ಅದು ಮಾವನವರು ನಿಮಗ ಕಲಿಸಿದ್ದು."

ನಾನು ರಸ್ತೆಯನ್ನೇ ನೋಡಿದೆ. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಬೀಳಗಿಯಲ್ಲಿ ಅತ್ತೆ ಟ್ರಕ್ಕಿನ ಮುಖಕ್ಕೆ ಕುಂಕುಮ ಹಚ್ಚಿ, "ಇಷ್ಟ ದೂರ ಹೆಂಗ ಬಂತವ್ವಾ ಇದು?" ಎಂದು ಕೇಳಿದಾಗ ಗೌರವ್ವ, "ಇವರು ಕೈ ಹಚ್ಚಲಿಲ್ಲ, ಅದಕ್ಕ ಬಂತು" ಎಂದಳು.

ಮದುವೆ ಮುಗಿಸಿ ಮರಳುವಾಗ ಜಮಖಂಡಿಯಲ್ಲಿ ಟ್ರಕ್ಕು ನಿಲ್ಲಿಸಿ ದಸ್ತಗೀರಸಾಬರ ಅಂಗಡಿಯೊಳಗೆ ಹೋದೆ. ವಾಯರಿನ ಸಂಗತಿ, ಸುಳ್ಳು, ಚಹಾದಂಗಡಿಯಲ್ಲಿ ಜರಿದದ್ದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಚಹಾದಂಗಡಿಯಲ್ಲಿ ಕೇಳಿದವರಿಗೂ ಹೋಗಿ ಹೇಳುತ್ತೇನೆಂದೆ. ಅವರು ಕೈ ಒರೆಸಿಕೊಳ್ಳುತ್ತ, "ಇರಲಿ ಬಿಡ್ರಿ ಸಾವ್ಕಾರ್ರ. ಇನ್ನ ಮ್ಯಾಲ ಕೈ ಹಚ್ಚದಿದ್ದರ ಆತು" ಎಂದರು. "ಆಣೆ ಮಾಡಿ ಹೇಳ್ತೀನಿ" ಎಂದೆ. ಅವರು ಚಹಾ ಹೇಳಲು ಒಳಗೆ ಹೋದರು. ನಾನು ಗೋಡೆಯ ಕಡೆ ನೋಡಿದೆ. ಅಲ್ಲಿ ನಟ್ಟು ತಿರುಗಿಸುವ ಪಾನಾಗಳನ್ನು ಸಣ್ಣದು, ದೊಡ್ಡದು ಎನ್ನದೆ ಹೇಗೆ ಬೇಕೋ ಹಾಗೆ ತೂಗುಹಾಕಿದ್ದರು.

ಮೂರನೆಯದಕ್ಕೆ ಕೈ ಹಾಕುವಷ್ಟರಲ್ಲಿ ಹೊರಗಿನಿಂದ ಹಾರ್ನ್ ಕೂಗಿತು. ತಿರುಗಿ ನೋಡಿದರೆ ಗೌರವ್ವ ಸೀಟಿನಲ್ಲಿ ಕುಳಿತು ನನ್ನ ಕೈಯನ್ನೇ ನೋಡುತ್ತಿದ್ದಳು.