ಕತ್ತಿನಲ್ಲೊಂದು ಗಂಟು, ಕಿವಿಯಲ್ಲೆರಡು ಭಾಷೆ

ಕೆಲವರ ಬೆನ್ನಿಗೆ ನೆಂಟರು ಬೀಳುತ್ತಾರೆ, ಕೆಲವರ ಬೆನ್ನಿಗೆ ಬೀದಿನಾಯಿ. ನನ್ನ ಬೆನ್ನಿಗೆ ಬಿದ್ದಿರುವುದು ಭಯ. ಯಾವ ಊರಿಗೆ ಹೋಗಲಿ, ಯಾವ ಕೆಲಸಕ್ಕೆ ಸೇರಲಿ, ಅದು ನನಗಿಂತ ಮುಂಚೆ ಹೋಗಿ ಕುರ್ಚಿ ಹಾಕಿಕೊಂಡು ಕೂತಿರುತ್ತದೆ. ಸುಮ್ಮನೆ ಕೂತಿದ್ದರೂ ಆಗುತ್ತಿತ್ತು. ಕೊನೆಗೆ ಏನಾದರೊಂದು ನಗೆಪಾಟಲು ಮಾಡಿಯೇ ಎದ್ದು ಹೋಗುವುದು ಅದರ ಅಭ್ಯಾಸ.

ಈ ಸಲ ಅದು ಬಂದು ಕೂತದ್ದು ನನ್ನ ಕತ್ತಿನಲ್ಲಿ. ಸ್ನಾನ ಮಾಡಿ ಪೌಡರ್ ಹಾಕಿಕೊಳ್ಳುವಾಗ ಬೆರಳಿಗೆ ಗೋಲಿಯಂಥದ್ದೇನೋ ತಗುಲಿತು. ಪೋರೂರಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದವರು ಪರದೆಯ ಮೇಲೆ ಅದನ್ನು ಎರಡೆರಡು ಸಲ ಅಳೆದರು. ಆಮೇಲೆ, "ಸೂಜಿ ಹಾಕಿ ಸ್ವಲ್ಪ ತೆಗೆದು ನೋಡಿಬಿಡೋಣ ಮೇಡಂ, ಗುರುವಾರ ಬನ್ನಿ" ಅಂದರು. ಆ "ಬಿಡೋಣ" ಅನ್ನುವುದರಲ್ಲಿದ್ದ ಸಲೀಸು ನನಗೆ ಚೆನ್ನಾಗಿ ಗೊತ್ತು. ಹಿಂದೆ ಮೆಡಿಕಲ್ ಲ್ಯಾಬ್ ಕಲಿಸುವ ಟೀಚರಾಗಿ, ರೋಗಿಗಳಿಗೆ ಹಾಗೆ ಸಲೀಸಾಗಿ ಹೇಳಬೇಕು ಅಂತ ಮಕ್ಕಳಿಗೆ ಪಾಠ ಮಾಡಿದವಳೇ ನಾನು. ಕ್ಯಾನ್ಸರಿನ ಜೀವಕೋಶ ಹೇಗಿರುತ್ತದೆ ಅಂತ ತೋರಿಸಿದ ಸ್ಲೈಡುಗಳೆಲ್ಲ ಮನೆಗೆ ಬರುವ ಆಟೋದಲ್ಲಿ ನನ್ನ ಪಕ್ಕದಲ್ಲೇ ಕೂತು ಬಂದವು.

ಮನೆಯಲ್ಲಿ ಇರುವುದು ನಾನು ಮತ್ತು ಅಮ್ಮ. ಅಮ್ಮ ಚಾಮರಾಜನಗರದ ಕಡೆಯವಳು. ಚೆನ್ನೈಗೆ ಬಂದು ಎಷ್ಟೋ ವರ್ಷವಾದರೂ ತಮಿಳು ಕಲಿತಿಲ್ಲ. ಅವಳ ಪ್ರಕಾರ ತಮಿಳು ಅಂದರೆ ಅವಸರದಲ್ಲಿ ಆಡಿದ ಕನ್ನಡ. ಗಮನವಿಟ್ಟು ಕೇಳಿದರೆ ಯಾರಿಗಾದರೂ ತಿಳಿಯುತ್ತದೆ. ವಿಷಯ ಕೇಳಿ, "ಸೂಜಿಗ್ಯಾಕವ್ವ ಎದರ್ಕೋತೀಯ, ನೀನು ಊರವ್ರಿಗೆಲ್ಲ ಚುಚ್ಚಿದವಳಲ್ವಾ" ಅಂದಳು. ಚುಚ್ಚುವುದಕ್ಕೂ ಚುಚ್ಚಿಸಿಕೊಳ್ಳುವುದಕ್ಕೂ ಇರುವ ದೂರ ನಾನು ಲ್ಯಾಬ್ ಕೆಲಸಕ್ಕೆಂದು ಮಸ್ಕತ್‌ನಿಂದ ನೈರೋಬಿಯವರೆಗೆ ಸುತ್ತಿದ ದೂರಕ್ಕಿಂತ ದೊಡ್ಡದು ಅಂತ ಅವಳಿಗೆ ಹೇಗೆ ಹೇಳಲಿ?

ಗುರುವಾರದವರೆಗೆ ತಲೆ ಕೆಡದಿರಲಿ ಅಂತ, ಹಿಂದೆ ಹೆದರಿಯೂ ಬದುಕಿ ಉಳಿದ ಸಂದರ್ಭಗಳನ್ನೆಲ್ಲ ಒಂದೊಂದಾಗಿ ನೆನೆಸಿಕೊಳ್ಳುತ್ತಾ ಕೂತೆ.

ಆವಿ

ವಿದೇಶದ ಲ್ಯಾಬುಗಳು ಸಾಕಾಗಿ ಚೆನ್ನೈಗೆ ಬಂದು, ಗಿಂಡಿಯ ಹತ್ತಿರ ಒಂದು ಕಾಲೇಜಿನಲ್ಲಿ ಲ್ಯಾಬ್ ಟೆಕ್ನಾಲಜಿ ಕಲಿಸಲು ಸೇರಿದ ಹೊಸತು. ಕಟ್ಟಡ ಬ್ರಿಟಿಷರ ಕಾಲದ್ದು, ನನ್ನ ತಮಿಳು ಮೊನ್ನೆ ಮೊನ್ನೆಯದು. ಗೊತ್ತಿಲ್ಲದ ಕಡೆ ಕನ್ನಡ ತುಂಬಿ ಮಾತಾಡುತ್ತಿದ್ದೆ. ಹತ್ತರಲ್ಲಿ ಎಂಟು ಸಲ ನಡೆದುಹೋಗುತ್ತಿತ್ತು.

ಗಾಜಿನ ಸಾಮಾನುಗಳನ್ನು ಹಬೆಯಲ್ಲಿ ಬೇಯಿಸಿ ಶುದ್ಧ ಮಾಡುವ ಆಟೋಕ್ಲೇವ್ ಯಂತ್ರ ಒಂದು ಮೂಲೆ ಕೋಣೆಯಲ್ಲಿತ್ತು. ದೊಡ್ಡ ಪ್ರೆಷರ್ ಕುಕ್ಕರ್ ಅಂದುಕೊಳ್ಳಿ. ಗುಡಿಸಿ ಒರೆಸುವ ಆಯಮ್ಮನಿಗೆ ಪ್ರೆಷರ್ ಇಳಿಯುವ ಮುಂಚೆಯೇ ಅದರ ಮುಚ್ಚಳಕ್ಕೆ ಕೈ ಹಾಕುವ ಚಟ. ಎಂದಾದರೂ ಮುಖ ಸುಟ್ಟುಕೊಳ್ಳುತ್ತಾಳೆ ಅಂತ ನನಗೆ ಜೀವ ಕೈಯಲ್ಲಿ. ಒಂದು ದಿನ ಅವಳನ್ನು ನಿಲ್ಲಿಸಿಕೊಂಡು, ಗೊತ್ತಿದ್ದ ತಮಿಳನ್ನೆಲ್ಲ ಒಟ್ಟುಗೂಡಿಸಿ ಹೇಳಿದೆ: "ಅಂದ ರೂಮ್‌ಲ ಆವಿ ಇರುಕ್ಕು. ತನಿಯಾ ಪೋಗಾದೀಂಗ. ತೊರಂದಾ ಮೂಂಜಿ ಮೇಲ ಪಾಯುಂ." ಆ ಕೋಣೆಯಲ್ಲಿ ಆವಿ ಇದೆ, ಒಬ್ಬಳೇ ಹೋಗಬೇಡ, ತೆಗೆದರೆ ಮುಖದ ಮೇಲೆ ಹಾರುತ್ತದೆ ಅಂತ.

ಆಯಮ್ಮನ ಮುಖ ಬಿಳಿಚಿಕೊಂಡಿತು. ಬುದ್ಧಿ ನಾಟಿತು ಅಂತ ನನಗೆ ಖುಷಿ.

ಮಾರನೆಯ ದಿನ ಕೋಣೆಯ ಬಾಗಿಲಿಗೆ ಬೇವಿನ ಸೊಪ್ಪು, ಹೊಸ್ತಿಲಲ್ಲಿ ಕುಂಕುಮ ಹಚ್ಚಿದ ನಿಂಬೆಹಣ್ಣು. ಮಕ್ಕಳು ಆ ಕಡೆಗೇ ಸುಳಿಯುತ್ತಿಲ್ಲ. ಪ್ರಿನ್ಸಿಪಾಲರು ಕರೆಸಿ, ಬಾಗಿಲು ಹಾಕಿ, ಸಣ್ಣ ದನಿಯಲ್ಲಿ ಕೇಳಿದರು: "ಮೇಡಂ, ನೀವೇ ಕಣ್ಣಾರೆ ನೋಡಿದಿರಾ?"

"ದಿನಾ ನೋಡುತ್ತೇನೆ ಸಾರ್. ಬೆಳಿಗ್ಗೆ ಬರುತ್ತೆ. ಮೊದಲು ಬುಸ್ ಅಂತ ಸದ್ದು ಮಾಡುತ್ತೆ."

ಅವರು ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡರು. "ಗಂಡೋ, ಹೆಣ್ಣೋ?"

ಆಗ ನನಗೆ ಹೊಳೆಯಿತು. ತಮಿಳಿನಲ್ಲಿ ಆವಿ ಅಂದರೆ ಹಬೆಯೂ ಹೌದು, ದೆವ್ವವೂ ಹೌದು. "ಅಯ್ಯೋ, ಸ್ಟೀಮ್ ಸಾರ್, ಸ್ಟೀಮ್!" ಅಂತ ಕೂಗಿದೆ.

ಪ್ರಿನ್ಸಿಪಾಲರು ಕಿಟಕಿಯಾಚೆಯ ಹಳೇ ಕಟ್ಟಡವನ್ನೊಮ್ಮೆ ನೋಡಿ ಕೇಳಿದರು: "ಇಂಗ್ಲಿಷಿನವನಾ?"

ಡೂಪು

ಕಾಲೇಜು ಬೇಸರವಾಗಿ ಬಿಟ್ಟ ಮೇಲೆ ಸ್ವಲ್ಪ ಕಾಲ ನನ್ನ ಕೈಗಳು ಸಿನಿಮಾದಲ್ಲಿದ್ದವು. ಕೈಗಳು ಮಾತ್ರ. ವಡಪಳನಿಯ ಒಂದು ಸ್ಟುಡಿಯೋದವರಿಗೆ ಆಸ್ಪತ್ರೆಯ ದೃಶ್ಯಗಳಲ್ಲಿ ಸಿರಿಂಜನ್ನು ಸರಿಯಾಗಿ ಹಿಡಿಯುವ ಕೈ ಬೇಕಿತ್ತು. ನರ್ಸ್ ಪಾತ್ರದ ಹುಡುಗಿ ಸಿರಿಂಜನ್ನು ಅಗರಬತ್ತಿಯ ಹಾಗೆ ಹಿಡಿಯುತ್ತಿದ್ದಳು.

ಹೀರೋ ಬಂದರು. ಹಿಂದಿನ ಚಿತ್ರದಲ್ಲಿ ಒಂದು ಮಾರ್ಕೆಟ್ ತುಂಬ ರೌಡಿಗಳನ್ನು ಬರಿಗೈಯಲ್ಲಿ ಮಲಗಿಸಿದವರು. ನಾನು ತೋಳಿಗೆ ರಬ್ಬರ್ ಪಟ್ಟಿ ಕಟ್ಟಿದೆ, ಅಷ್ಟೇ. ತೋಳು ನಡುಗಲು ಶುರುವಾಯಿತು. "ಸೂಜಿ ಇಲ್ಲ ಸಾರ್, ಬರೀ ಸಿರಿಂಜು" ಅಂದೆ. "ಗೊತ್ತು ಮಾ, ಗೊತ್ತು" ಅಂದವರ ಕಣ್ಣು ಮೇಲಕ್ಕೆ ಹೋಯಿತು. ನಾನು ಹಿಡಿದುಕೊಳ್ಳದಿದ್ದರೆ ಲೈಟಿನ ಮೇಲೆ ಬೀಳುತ್ತಿದ್ದರು. ಇವರಿಗೇನಾದರೂ ಆದರೆ ಹೊರಗೆ ಕಾಯುತ್ತಿರುವ ಅಭಿಮಾನಿಗಳು ನನ್ನನ್ನು ಉಳಿಸುತ್ತಾರೆಯೇ? ನನ್ನ ಕೈಯೂ ನಡುಗಿತು. ನಿರ್ದೇಶಕರು ಮಾನಿಟರ್ ನೋಡುತ್ತಾ, "ಎರಡು ಕೈಯೂ ನಡುಗಿದರೆ ನಾನು ಯಾವುದನ್ನ ತೆಗೀಲಿ?" ಅಂತ ತಲೆ ಚಚ್ಚಿಕೊಂಡರು.

ಕೊನೆಗೆ ಹೊಡೆದಾಟಕ್ಕೆ ಬರುವ ಡೂಪನ್ನೇ ಕರೆಸಿದರು. ನರ್ಸಿನ ಕೈ ಡೂಪು, ಹೀರೋನ ತೋಳು ಡೂಪು, ರಕ್ತವೂ ಡೂಪು; ಅದು ರೋಸ್‌ಮಿಲ್ಕ್ ಸಿರಪ್. ಇಡೀ ದೃಶ್ಯದಲ್ಲಿ ಅಸಲಿ ಅಂದರೆ ಆ ಕಿರುಚಾಟ ಒಂದೇ. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಹೀರೋದೇ ಅದು.

ತಡಿ

ಹೆಂಗಸರಿಗೆ ಸ್ಕೂಟರ್ ಕಲಿಸುವ ಕೆಲಸಕ್ಕೆ ಸೇರಿದ್ದು ಅದಾದ ಮೇಲೆ. ಮಾಲ್ಡೀವ್ಸ್‌ನ ದ್ವೀಪಗಳ ನಡುವೆ ಬಿರುಗಾಳಿಗೆ ಸಿಕ್ಕ ದೋಣಿಯಲ್ಲಿ ಕೂತವಳು ನಾನು. ಆದರೂ ಕಲಿಯುವವರ ಹಿಂದಿನ ಸೀಟಿನಲ್ಲಿ ಕೂತು ಪೋರೂರು ಸರ್ಕಲ್ ದಾಟುವುದಿದೆಯಲ್ಲ, ಅದರ ಮುಂದೆ ಬಿರುಗಾಳಿ ಜೋಗುಳ.

ಆವತ್ತು ಕಲಿಯುತ್ತಿದ್ದವರು ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ತಮಿಳು ಹೆಂಗಸು. ಒಳ್ಳೆ ಮೈಕಟ್ಟು, ಒಳ್ಳೆ ಮನಸ್ಸು. ಬ್ರೇಕ್ ಹಿಡಿಯಬೇಕಾದ ಕಡೆಯಲ್ಲೆಲ್ಲ ಎರಡೂ ಕಾಲನ್ನು ಅಗಲಿಸಿ ದೇವರನ್ನು ಕರೆಯುತ್ತಿದ್ದರು. ಸಿಗ್ನಲ್ ಕೆಂಪಾಯಿತು. ಮುಂದೆ ಒಂದು ಬಸ್ಸು ನಿಂತಿತು. ನಾವು ನಿಲ್ಲಲಿಲ್ಲ. ಅದರ ಹಿಂಭಾಗ ದೊಡ್ಡದಾಗುತ್ತಾ ಬಂತು. ಹೆದರಿಕೆಯಲ್ಲಿ ನನ್ನ ತಮಿಳು, ಇಂಗ್ಲಿಷು, ಅರಬ್ಬಿ ಎಲ್ಲ ಹಾರಿಹೋಗಿ ಬಾಯಿಗೆ ಬಂದದ್ದು ಕನ್ನಡ: "ತಡಿ! ತಡಿ! ಅಯ್ಯೋ ತಡೀ, ಏನಾದ್ರೂ ಮಾಡು!"

ಗಾಡಿ ಕಿರ್ ಅಂತ ನಿಂತಿತು. ಬಸ್ಸಿಗೂ ನಮಗೂ ನಡುವೆ ಒಂದು ಅಂಗೈ ಜಾಗ. ಆ ಹೆಂಗಸು ನಿಧಾನವಾಗಿ ಹಿಂದಕ್ಕೆ ತಿರುಗಿದರು. ಕಣ್ಣು ಕೆಂಡ.

"ಯಾರೆ ತಡಿಮಾಡುನ್ನು ಸೊಲ್ರೀಂಗ?"

ಯಾರನ್ನು ತಡಿಮಾಡು ಅನ್ನುತ್ತಿದ್ದೀರಿ ಅಂತ. ತಮಿಳಿನಲ್ಲಿ ತಡಿಮಾಡು ಅಂದರೆ ಕೊಬ್ಬಿದ ದನ; ನನ್ನ ತಡಿಯೂ ಮಾಡೂ ಅವರ ಕಿವಿಯಲ್ಲಿ ಕೂಡಿಕೊಂಡಿದ್ದವು. ಸಿಗ್ನಲ್ ಹಸಿರಾಗಿ, ಹಿಂದಿನವರೆಲ್ಲ ಹಾರನ್ ಬಾರಿಸುತ್ತಿದ್ದರೂ ಅವರು ಕದಲಲಿಲ್ಲ. ಕನ್ನಡದಲ್ಲಿ ತಡಿ ಅಂದರೆ "ನಿಲ್ಲು" ಅಂತ ಕೈಮುಗಿದು ವಿವರಿಸಿದೆ. ಅರ್ಧ ನಂಬಿದರು. ಆದರೆ ಲೈಸೆನ್ಸ್ ಟೆಸ್ಟಿನ ದಿನ ಅವರೇ ನನ್ನ ಕಿವಿಯಲ್ಲಿ ಹೇಳಿದರು: "ಮೇಡಂ, ದೂರದಲ್ಲಿ ನಿಂತು ಒಂದು ಸಲ ಬೈದುಬಿಡಿ. ಇಲ್ಲದಿದ್ದರೆ ನನಗೆ ಬ್ರೇಕ್ ನೆನಪಾಗಲ್ಲ."

ಒರೇ ಒರು ಊಸಿ

ಗುರುವಾರ ಬಂದೇ ಬಂತು. ಅಮ್ಮ ಬೇಡವೆಂದರೂ ಜೊತೆಗೆ ಹೊರಟಳು.

ಭುಜದ ಕೆಳಗೆ ದಿಂಬಿಟ್ಟು, ಕತ್ತು ಹಿಂದಕ್ಕೆ ಬಾಗಿಸಿ ಮಲಗಿಸಿದರು. ಹಾಗೆ ಮಲಗಿದರೆ ಕಾಣುವುದು ಮೇಲಿನ ಚಾವಣಿ ಮಾತ್ರ. ಎಷ್ಟೋ ಜನರನ್ನು ಮಲಗಿಸಿದ್ದೇನೆ, ಆ ಚಾವಣಿ ಇಷ್ಟು ಹತ್ತಿರ ಇರುತ್ತದೆ ಅಂತ ಒಬ್ಬರೂ ಹೇಳಿರಲಿಲ್ಲ. ಪೆಥಾಲಜಿ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. "ಮಾತಾಡಬೇಡಿ, ಉಗುಳು ನುಂಗಬೇಡಿ, ಅಲುಗಬೇಡಿ" ಅಂತ ಹೇಳಿ, ನನ್ನ ಮುಖ ನೋಡಿ ಮರುಕದಿಂದ, "ಬಯಪ್ಪಡಾದೀಂಗಮ್ಮಾ. ಒರೇ ಒರು ಊಸಿ" ಅಂದರು.

ಹೆದರಬೇಡಿ, ಒಂದೇ ಒಂದು ಊಸಿ ಅಂತ. ತಮಿಳಿನಲ್ಲಿ ಊಸಿ ಅಂದರೆ ಸೂಜಿ. ನಮ್ಮ ಕಡೆ ಹೂಸು ಎಂಬ ಪದದ ಹಕಾರ ಯಾವಾಗಲೋ ಉದುರಿಹೋಗಿ, ಊಸು ಅಂತ ಉಳಿದಿದೆ.

ಬಾಗಿಲ ಹತ್ತಿರ ನಿಂತಿದ್ದ ಅಮ್ಮನ ದನಿ ಕೇಳಿತು: "ಅಯ್ಯೋ ನನ್ನವ್ವ, ಒಂದೇ ಒಂದು ಊಸಿಗಾ ಇಷ್ಟು ಎದರ್ಕೊಂಡಿರೋದು? ನಾಚ್ಕೋಬೇಡ, ಬುಟ್ಬುಡು. ಡಾಕ್ಟ್ರಮ್ಮನೇ ಬುಡು ಅಂತಾವ್ರೆ."

ಸೂಜಿ ಆಗಲೇ ಕತ್ತಿನ ಮೇಲಿತ್ತು. ನಗುವಂತಿಲ್ಲ, ನುಂಗುವಂತಿಲ್ಲ, ಅಮ್ಮನ ಬಾಯಿ ಮುಚ್ಚಿಸುವಂತಿಲ್ಲ. ಭಯ ಮೇಲಿಂದ ಒತ್ತುತ್ತಿದೆ, ನಗು ಕೆಳಗಿಂದ ಒದೆಯುತ್ತಿದೆ. ಅಮ್ಮ ನಿಲ್ಲಿಸಲಿಲ್ಲ. "ಇಷ್ಟು ದಿನ ತಡ್ಕೊಂಡು ತಡ್ಕೊಂಡು ಇಟ್ಕೊಂಡಿದ್ದೀಯ. ಅದೇ ಮ್ಯಾಕ್ಕೆ ಬಂದು ಕತ್ತಲ್ಲಿ ಗಂಟಾಗಿರೋದು."

ನನ್ನ ಕಣ್ಣಲ್ಲಿ ನೀರು ಸುರಿಯಿತು. ನೋವಾಗುತ್ತಿದೆ ಅಂದುಕೊಂಡು ಡಾಕ್ಟರು ನನ್ನ ತಲೆ ಸವರಿದರು. ಎಲ್ಲ ಮುಗಿದ ಮೇಲೆ, "ಅಮ್ಮ ಆಗಿಂದ ಏನೋ ಹೇಳುತ್ತಿದ್ದರಲ್ಲ, ಏನದು?" ಅಂತ ಕೇಳಿದರು.

"ಸೆಕೆಂಡ್ ಒಪೀನಿಯನ್ ಡಾಕ್ಟರ್" ಅಂದೆ.

ಒಣ್ಣುಮಿಲ್ಲೆ

ರಿಪೋರ್ಟ್ ಬರುವವರೆಗಿನ ದಿನಗಳ ಬಗ್ಗೆ ಬರೆಯಲು ನನ್ನ ಹತ್ತಿರ ಹಾಸ್ಯವಿಲ್ಲ. ಫೋನು ಬಂದರೆ ಅಡಿಗೆಮನೆಗೆ ಓಡುತ್ತಿದ್ದೆ, ಬಾರದಿದ್ದರೆ ಅದನ್ನೇ ಎತ್ತಿ ಎತ್ತಿ ನೋಡುತ್ತಿದ್ದೆ. ಕೈ ತಾನಾಗಿ ಕತ್ತಿಗೆ ಹೋಗುತ್ತಿತ್ತು. ನಾನಿಲ್ಲದಿದ್ದರೆ ತಮಿಳು ಬಾರದ ಅಮ್ಮ ಈ ಊರಿನಲ್ಲಿ ಹಾಲಿನವನ ಹತ್ತಿರ ಏನು ಮಾತಾಡುತ್ತಾಳೆ ಅಂತ ಯೋಚಿಸುತ್ತಾ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ. ಅಮ್ಮ ಹೊರಗಿನಿಂದ, "ನೀರು ಕಮ್ಮಿ ಬುಡವ್ವ" ಅನ್ನುತ್ತಿದ್ದಳು. ಅವಳ ದನಿಯೂ ಒದ್ದೆಯಾಗಿರುತ್ತಿತ್ತು.

ಕರೆ ಬಂತು. ಹೋದೆವು. ಅದೇ ಡಾಕ್ಟರು, ಎದುರಿಗೆ ನಾವಿಬ್ಬರು. ನನ್ನ ಕೈ ಅಮ್ಮನ ಕೈಯೊಳಗೆ. ಕಿವಿಯಲ್ಲಿ ಗುಂಯ್ ಅನ್ನುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಡಾಕ್ಟರು ತಲೆ ಎತ್ತಿ ಒಂದೇ ಮಾತು ಹೇಳಿದರು:

"ಒಣ್ಣುಮಿಲ್ಲೆ."

ತಮಿಳು ನಾನು ಅಷ್ಟು ಹೊತ್ತಿಗೆ ಚೆನ್ನಾಗಿಯೇ ಕಲಿತಿದ್ದೆ. ತರಕಾರಿಯವನ ಜೊತೆ ಜಗಳವಾಡುವಷ್ಟು, ಸಿನಿಮಾದವರ ಬೈಗುಳ ಅರ್ಥವಾಗುವಷ್ಟು. ಆದರೆ ಆ ಗಳಿಗೆಯಲ್ಲಿ ಕಲಿತದ್ದೆಲ್ಲ ಮೈಯಿಂದ ಇಳಿದುಹೋಗಿ, ಅಮ್ಮನ ಕಿವಿಯೊಂದೇ ನನಗೂ ಉಳಿದಿತ್ತು. ನಮ್ಮಿಬ್ಬರಿಗೂ ಕೇಳಿಸಿದ್ದು ಒಂದೇ: ಉಣ್ಣಂಗಿಲ್ಲ.

"ಉಣ್ಣಂಗಿಲ್ವಂತೆ!" ಅಂತ ಅಮ್ಮ ಎದೆ ಬಡಿದುಕೊಂಡಳು. "ಅಯ್ಯೋ ನನ್ನ ಕಂದ, ಅನ್ನ ಉಣ್ಣದೆ ಹೆಂಗವ್ವ ಬದುಕ್ತೀಯ? ಮುದ್ದೇನಾದ್ರೂ ನುಂಗಬೋದಾ ಕೇಳವ್ವ!"

ನನ್ನ ಕಣ್ಣ ಮುಂದೆ ಗಂಟಲಿನ ಆಪರೇಷನ್, ಮೂಗಿಗೆ ಇಳಿಬಿಟ್ಟ ನಳಿಗೆ ಎಲ್ಲ ಸಾಲಾಗಿ ಬಂದು ನಿಂತವು. "ಗಂಜಿಯೂ ಬೇಡವಾ ಡಾಕ್ಟರ್?" ಅಂತ ಕನ್ನಡದಲ್ಲೇ ಕೇಳಿ, ಅಮ್ಮನ ಕೊರಳಿಗೆ ಬಿದ್ದು ನಾನೂ ಅಳಲು ಶುರು ಮಾಡಿದೆ. ಹೊರಗೆ ಕಾಯುತ್ತಿದ್ದವರು ಬಾಗಿಲಿನಿಂದ ಇಣುಕಿ ಲೊಚಗುಟ್ಟಿದರು. ಯಾರೋ ಒಬ್ಬರು ನೀರಿನ ಬಾಟಲಿ ತಂದರು. ಅಮ್ಮ ಅದನ್ನು ತಳ್ಳಿ, "ನೀರೂ ಕುಡಿಯಂಗಿದೆಯೋ ಇಲ್ವೋ" ಅಂತ ಇನ್ನೂ ಜೋರಾಗಿ ಅತ್ತಳು.

ಡಾಕ್ಟರು ಗಾಬರಿಯಾಗಿ ಎದ್ದು ನಿಂತರು. "ಏನ್ಮಾ ಅಳುರೀಂಗ? ಒಣ್ಣುಮಿಲ್ಲೇನ್ನು ದಾನೇ ಸೊನ್ನೇನ್! ನಥಿಂಗ್! ವೆರುಂ ನೀರ್ ಕಟ್ಟಿ ದಾನ್, ಕ್ಯಾನ್ಸರ್ ಇಲ್ಲೆ. ನಥಿಂಗ್ ಮಾ!"

ನಥಿಂಗ್ ಅನ್ನುವ ಇಂಗ್ಲಿಷ್ ಪದ ಹಿಡಿದುಕೊಂಡು ನಾನು ಮೆಲ್ಲಗೆ ತಮಿಳಿಗೆ ವಾಪಸು ಬಂದೆ. ಒಣ್ಣುಮಿಲ್ಲೆ ಅಂದರೆ ಏನೂ ಇಲ್ಲ, ಬರೀ ನೀರಿನ ಗಂಟು. ಏನೂ ಇಲ್ಲ! ಅಮ್ಮನ ಕೊರಳು ಬಿಟ್ಟು ಕುರ್ಚಿಯಲ್ಲಿ ಕೂತೆ. "ಅಮ್ಮ, ನನ್ನ ಕತ್ತಿನಲ್ಲಿ ಏನೂ ಇಲ್ಲವಂತೆ" ಅಂದೆ.

ಅಮ್ಮ ಅಳು ನಿಲ್ಲಿಸಿದಳು. ಸೆರಗಿನಿಂದ ಮೊದಲು ನನ್ನ ಮುಖ, ಆಮೇಲೆ ತನ್ನ ಮುಖ ಒರೆಸಿದಳು. ಡಾಕ್ಟರ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡು, ಅವರಿಗೆ ಒಂದಕ್ಷರ ಕನ್ನಡ ಬರುವುದಿಲ್ಲ ಎಂಬುದನ್ನು ಪೂರ್ತಿ ಮರೆತು ಹೇಳಿದಳು:

"ಕತ್ತಿನಿಂದ ಮ್ಯಾಲೆ ಏನೂ ಇಲ್ಲ ಅಂತ ಇವಳ ಮೂರನೇ ಕ್ಲಾಸಿನ ಮೇಷ್ಟ್ರು ಆವತ್ತೇ ಹೇಳಿದ್ರು ಕಣವ್ವ. ಕತ್ತೊಳಗೂ ಏನೂ ಇಲ್ಲ ಅಂತ ಗೊತ್ತಾಗಕ್ಕೆ ನೀನೇ ಬರಬೇಕಾಯ್ತು ನೋಡು."