ಮುಂದಿನ ರೂಮಿನ ಮಹಾದಾನ

"ಈ ಸಲ ಸಭೆ ನಮ್ಮನೇಲಿ! ಸಭೆ ಅಂದ್ರೆ ಹೇಗಿರಬೇಕು ಅಂತ ಎಲ್ಲರಿಗೂ ತೋರಿಸಿಯೇ ಬಿಡ್ತೀನಿ!"

ಹಲ್ಲಿನ ಡಾಕ್ಟರಮ್ಮ ಸೊಂಟದ ಮೇಲೆ ಕೈಯಿಟ್ಟು ಹೀಗೊಂದು ಘನಘೋರ ಪ್ರತಿಜ್ಞೆ ಮಾಡಿದಾಗ ಅವರ ಯಜಮಾನರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಕರಡು ತಿದ್ದುತ್ತಿದ್ದರು. ಅವರ ಹೊಟ್ಟೆಪಾಡೇ ಅದು. ಅಚ್ಚಿಗೆ ಹೋಗುವ ಪುಸ್ತಕಗಳಲ್ಲಿ ಬೇಕಾದ ಕಡೆ ಮಹಾಪ್ರಾಣ ತುಂಬುವುದು, ಬೇಡದ ಕಡೆ ಅದರ ಪ್ರಾಣ ತೆಗೆಯುವುದು. ತಲೆ ಎತ್ತದೆಯೇ ಕೇಳಿದರು, "ಯಾವ ಸಭೆ?"

"ಯಾವ ಸಭೆನಾ? ಹೆಂಡತಿ ಅಧ್ಯಕ್ಷೆ ಆಗಿರೋದು ಇಡೀ ಬೀದಿಗೆ ಗೊತ್ತು, ನಿಮಗೊಬ್ಬರಿಗೆ ಗೊತ್ತಿಲ್ಲ!"

ಡಾಕ್ಟರಮ್ಮ ಅಧ್ಯಕ್ಷೆಯಾಗಿದ್ದು 'ಕೈಗೂಡು' ಎಂಬ ಹೆಂಗಸರ ಬಳಗಕ್ಕೆ. ಹನಿ ಹನಿ ಕೂಡಿದರೆ ಹಳ್ಳ ಎನ್ನುವ ಹಾಗೆ, ತಿಂಗಳಿಗೊಮ್ಮೆ ಪ್ರತಿಯೊಬ್ಬರೂ ತಮ್ಮ ಸಂಪಾದನೆಯಲ್ಲಿ ಇಷ್ಟು ಎಂದು ಒಂದೇ ಗಂಟಿಗೆ ಹಾಕುತ್ತಿದ್ದರು. ಆಮೇಲೆ ಎಲ್ಲರೂ ಕೂತು, ಜಗಳವಾಡಿ, ಕೈ ಎತ್ತಿ, ಊರಿನ ಯಾವುದಾದರೂ ಒಳ್ಳೆಯ ಕೆಲಸಕ್ಕೆ ಆ ಗಂಟನ್ನು ಒಪ್ಪಿಸುತ್ತಿದ್ದರು. ಇದರ ಜೊತೆಗೆ ಇನ್ನೊಂದು ಉಪಕಸುಬು. ಮನೆಯಲ್ಲಿ ಏಟು ತಿಂದು ಹೊರಬಿದ್ದ ಹೆಂಗಸರಿಗೆ ಆಸರೆ ಕೊಡುವ 'ತಂಗುಮನೆ' ಎಂಬುದೊಂದಿತ್ತು. ಅಲ್ಲಿದ್ದವರು ಸುಧಾರಿಸಿಕೊಂಡು ಬಾಡಿಗೆ ಕೋಣೆ ಹಿಡಿದಾಗ ಮಂಚ, ಮೇಜು, ಪಾತ್ರೆ ಪಗಡಿ ಒದಗಿಸುವುದು ಬಳಗದ ಹೊಣೆ. ಹಾಗೆ ಕೂಡಿಹಾಕಿದ ಹಳೆಯ ಸಾಮಾನೆಲ್ಲ ಸದ್ಯಕ್ಕೆ ಡಾಕ್ಟರಮ್ಮನ ಮನೆಯ ಕಟ್ಟಕಡೆಯ ಕೋಣೆಯಲ್ಲಿ ಸೂರು ಮುಟ್ಟಿತ್ತು.

ಹಿಂದಿನ ಅಧ್ಯಕ್ಷೆ ಬಸ್ ಕಂಡಕ್ಟರಕ್ಕ. ಆಕೆಯ ಮನೆಯ ಸಭೆಗಳಲ್ಲಿ ಅರ್ಧ ಜನ ಕೂತು, ಅರ್ಧ ಜನ ನಿಂತು, "ಒಳಗೆ ಸರೀರಿ, ಒಳಗೆ ಸರೀರಿ" ಎಂಬ ಗದರಿಕೆ ಕೇಳುತ್ತಾ ಪ್ರಯಾಣ ಮಾಡಿದಂತೆಯೇ ಇರುತ್ತಿತ್ತು. ಡಾಕ್ಟರಮ್ಮನಿಗೆ ಅದು ಸರಿಕಾಣಲಿಲ್ಲ. ಈ ಸಲ ಹೊಸದಾಗಿ ಸೇರುವ ಯೋಚನೆಯಲ್ಲಿದ್ದ ಕೆಲವು ಹೆಂಗಸರೂ ಬರುವವರಿದ್ದರು. ಅವರು ಬಂದು, ಕೂತು, ಬೆರಗಾಗಿ, ಬಳಗ ಸೇರಬೇಕು! ಬೆರಗಾಗಲು ಏನಾದರೂ ಬೇಕಲ್ಲ? ಅದಕ್ಕೇ ಒಂದು ಸೋಫಾ ಸೆಟ್ಟು ಬಂತು. ನವಿಲುಬಣ್ಣದ್ದು. ಅದರ ಮೇಲಿನ ಪ್ಲಾಸ್ಟಿಕ್ಕನ್ನು ಸಭೆಯ ದಿನ ಮೂರೂ ಮುಕ್ಕಾಲಿಗೆ ತೆಗೆಯಬೇಕು, ಅಲ್ಲಿಯವರೆಗೆ ಯಾರೂ ಕೂರಕೂಡದು ಎಂದು ಆಜ್ಞೆಯಾಯಿತು. ಯಜಮಾನರು ಒಮ್ಮೆ ಅಪ್ಪಿತಪ್ಪಿ ಅದಕ್ಕೆ ಒರಗಿದ್ದಕ್ಕೆ ಸಿಕ್ಕ ಮಂಗಳಾರತಿ ಪಕ್ಕದ ಮನೆಗೂ ಕೇಳಿಸಿತು.

ಸೋಫಾ ಆಯಿತು, ಇನ್ನು ಭಾಷಣ. ವಾರವಿಡೀ ಕನ್ನಡಿಯ ಮುಂದೆ ತಾಲೀಮು ನಡೆಯಿತು. "ಗೆಳತಿಯರೇ! ಬೇಡವಾದದ್ದನ್ನು ಕೊಡುವುದು ದಾನವಲ್ಲ, ಕಸ ಸಾಗಿಸುವುದು! ಯಾವುದನ್ನು ಕೊಡುವಾಗ ಕರುಳು ಚುರ್ ಅನ್ನುತ್ತದೋ ಅದೇ ದಾನ!" ಬೆಳಿಗ್ಗೆ ಹಲ್ಲುಜ್ಜುವಾಗ ಒಮ್ಮೆ, ರಾತ್ರಿ ಹಲ್ಲುಜ್ಜುವಾಗ ಒಮ್ಮೆ ಈ ಮಾತು ಕೇಳಿ ಕೇಳಿ ಯಜಮಾನರಿಗೆ ಅದು ಬಾಯಿಪಾಠವಾಯಿತು. ಬಾಯಿಪಾಠವಾಗಿದ್ದರೆ ಚಿಂತೆಯಿರಲಿಲ್ಲ, ಮನಸ್ಸಿಗೂ ನಾಟಿಬಿಟ್ಟಿತು! ಅನಾಹುತ ಶುರುವಾದದ್ದೇ ಅಲ್ಲಿಂದ.

ಸಭೆಯ ದಿನ ಮಧ್ಯಾಹ್ನ ಕ್ಲಿನಿಕ್ಕಿಗೆ ಬೇಕರಿಯವನೊಬ್ಬ ಕೆನ್ನೆ ಊದಿಸಿಕೊಂಡು ಬಂದ. ಡಾಕ್ಟರಮ್ಮನ ಎರಡೂ ಕೈ ಅವನ ಬಾಯೊಳಗಿರುವಾಗ ಫೋನು ಬಂತು. ನರ್ಸು ಅದನ್ನು ಅವರ ಕಿವಿಗೆ ಹಿಡಿದಳು.

"ಲೇ, ತಂಗುಮನೆ ವ್ಯಾನ್ ಬಂದಿದೆ ಕಣೆ. ಯಾವ ರೂಮಿನ ಸಾಮಾನು ಕೊಡ್ಲಿ? ಅಡುಗೆಮನೆ ಪಕ್ಕದ್ದಾ?"

"ಅಯ್ಯೋ, ಅಡುಗೆಮನೆ ಪಕ್ಕದ್ದಲ್ಲ, ಅದು ನಿಮ್ಮದೇ ಪುಸ್ತಕದ ರೂಮು, ಅದೂ ಮರೆತೋಯ್ತಾ? ಮುಂದಿನ ರೂಮು, ಮುಂದಿನ ರೂಮು!"

"ಮುಂದಿನ ರೂಮಾ? ಹೊಸದೂ ಸೇರಿಸಿನಾ?"

"ಹೊಸದು ಹಳೇದು ಅಂತ ನೋಡ್ತಾ ಕೂರ್ಬೇಡ್ರೀ! ಎಲ್ಲಾ ತೆಗೀರಿ! ಒಂದೂ ಉಳಿಸ್ಬೇಡಿ!"

ಯಜಮಾನರು ಏನು ಹೇಳುತ್ತಿದ್ದರೋ. ಅಷ್ಟರಲ್ಲಿ ಈ ಮಾತು ಕೇಳಿಸಿಕೊಂಡ ಬೇಕರಿಯವನು ಕುರ್ಚಿಯಿಂದ ಚಂಗನೆ ನೆಗೆದ! ಬಾಯಲ್ಲಿ ಹತ್ತಿ, ಕತ್ತಿನಲ್ಲಿ ಏಪ್ರನ್ನು, ಹೊರಟ ನೋಡಿ ಬೀದಿಗೆ! "ನಿಲ್ಲಪ್ಪಾ, ಹಲ್ಲಲ್ಲ, ಅದು ಮನೆ ಸಾಮಾನಿನ ವಿಷ್ಯ!" ಎಂದು ಕೂಗುತ್ತಾ ಡಾಕ್ಟರಮ್ಮ ಹಿಂದೆ, "ಅಮ್ಮಾ, ನಿಮ್ಮ ಚಪ್ಪಲಿ!" ಎಂದು ನರ್ಸು ಅವರ ಹಿಂದೆ. ಅವನನ್ನು ಹಿಡಿದು, ಸಮಾಧಾನ ಮಾಡಿ, ಒಂದೇ ಒಂದು ಹಲ್ಲು ಕಿತ್ತು ಕಳಿಸುವಷ್ಟರಲ್ಲಿ ಮೂರೂವರೆ.

ಮನೆ ಬಾಗಿಲು ತೆಗೆದು "ರೀ!" ಎಂದರು. "ರೀ... ರೀ... ರೀ..." ಎಂದು ಗೋಡೆಗಳೇ ಓಗೊಟ್ಟವು! ಹಾಲ್ ಎಂಬುದು ಬಟಾಬಯಲು. ನವಿಲು ಹಾರಿಹೋಗಿತ್ತು. ಟೀಪಾಯಿ ಇಲ್ಲ, ಕುರ್ಚಿಗಳಿಲ್ಲ, ನೆಲದ ಹಾಸೂ ಇಲ್ಲ. ಗೋಡೆ ಗಡಿಯಾರವೊಂದು ಮೊಳೆಗೆ ಜೋತುಬಿದ್ದು ಜೀವ ಉಳಿಸಿಕೊಂಡಿತ್ತು. ಅದರ ಕೆಳಗೆ ಬಕೆಟ್ಟೊಂದನ್ನು ಬೋರಲು ಹಾಕಿಕೊಂಡು ಅತ್ತೆ ಕೂತಿದ್ದರು.

"ಅತ್ತೆ! ಕಳ್ಳರು ಬಂದಿದ್ರಾ?"

"ಕಳ್ಳರಿಗೆ ಇಷ್ಟು ಮರ್ಯಾದೆ ಎಲ್ಲಿರತ್ತಮ್ಮ? ಇವರು, 'ಅಜ್ಜಿ, ಒಂಚೂರು ಏಳ್ತೀರಾ' ಅಂದ್ರು. ಎದ್ದೆ. ಕುರ್ಚಿ ಹೋಯ್ತು. ನನ್ನ ಮಗ ಬಾಗಿಲು ಹಿಡ್ಕೊಂಡು ನಿಂತಿದ್ದ, ಮಗಳನ್ನ ಗಂಡನ ಮನೆಗೆ ಕಳಿಸೋ ಹಾಗೆ."

ಯಜಮಾನರು ಒಳಗಿನಿಂದ ಕಣ್ಣಂಚು ಒರೆಸುತ್ತಾ ಬಂದರು. "ನಿಜ ಹೇಳ್ಲಾ? ನೀನು ಬರೀ ಮಾತಿಗೆ ಹೇಳ್ತಿದೀಯ ಅಂದ್ಕೊಂಡಿದ್ದೆ ಕಣೆ. ನುಡಿದಂತೆ ನಡೆದುಬಿಟ್ಟೆ. ಪ್ಲಾಸ್ಟಿಕ್ ಸಮೇತ ಯಾಕೆ ಇಟ್ಟಿದ್ದೆ ಅಂತ ಇವತ್ತು ಅರ್ಥ ಆಯ್ತು."

"ನಾನು ಹೇಳಿದ್ದು ಮುಂದಿನ ರೂಮು!"

"ಮುಂದಿನ ರೂಮೇ ಕೊಟ್ಟೆ."

"ನಿಮ್ಮ ಪುಸ್ತಕದ ರೂಮು ದಾಟಿ ಮುಂದಿನದು ಕಣ್ರೀ! ಕೊನೇದು!"

ಯಜಮಾನರು ಕನ್ನಡಕ ಸರಿಮಾಡಿಕೊಂಡರು. "ಹಾಗಾದ್ರೆ ನೀನು 'ಕೊನೆಯ' ಅನ್ನಬೇಕಿತ್ತು. 'ಮುಂದಿನ' ಅಂದ್ರೆ ಮುಂಭಾಗದ. ಇದನ್ನೇ ಪದದೋಷ ಅನ್ನೋದು."

ಪದದೋಷವೋ ಗಂಡದೋಷವೋ ಎಂದು ತೀರ್ಮಾನಿಸಲು ಪುರುಸೊತ್ತಿರಲಿಲ್ಲ. ಇನ್ನೇನು ಜನ ಬರುತ್ತಾರೆ! "ಹಿಡೀರಿ ಆ ಕಡೆ!" ಎಂದು ಡಾಕ್ಟರಮ್ಮ ಸೆರಗು ಸಿಕ್ಕಿಸಿದರು. ಕೊನೆಯ ಕೋಣೆಯಲ್ಲಿದ್ದ ಹಳೆಯ ಸೋಫಾವೊಂದನ್ನು ಗಂಡ ಹೆಂಡತಿ ಎಳೆದುಕೊಂಡು ಹೊರಟರು. ಅದರ ಸ್ಪ್ರಿಂಗುಗಳು ಹೊರಗೆ ಇಣುಕಿ ಪ್ರಪಂಚ ನೋಡುತ್ತಿದ್ದವು. ಓಣಿಯಂಥ ನಡುಮನೆ ದಾಟಿ ಹಾಲಿನ ಬಾಗಿಲಿಗೆ ಬಂದದ್ದೇ ತಡ, ಗಕ್ಕನೆ ಸಿಕ್ಕಿಕೊಂಡಿತು! ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಹಾಲಿನ ಕಡೆ ಡಾಕ್ಟರಮ್ಮ ಮತ್ತು ಬಕೆಟ್ಟಿನ ಮೇಲಿನ ಅತ್ತೆ. ಅಡುಗೆಮನೆಯ ಕಡೆ ಯಜಮಾನರು, ಟೀ, ಬಿಸ್ಕತ್ತು, ಕಪ್ಪುಗಳು. ನಡುವೆ ಸೋಫಾ, ಎರಡು ದೇಶಗಳ ಗಡಿಯ ಹಾಗೆ.

ಆಗಲೇ ಕರೆಗಂಟೆ ಹೊಡೆದುಕೊಂಡಿತು.

ಮೊದಲು ಕಾಲಿಟ್ಟವಳೇ ಕಂಡಕ್ಟರಕ್ಕ. ಹಿಂದೆ ಟೈಲರಮ್ಮ, ಅವರ ಹಿಂದೆ ಹಳಬರು ಹೊಸಬರು ಎಲ್ಲ. ಕಂಡಕ್ಟರಕ್ಕ ಹಾಲನ್ನು ಈ ಮೂಲೆಯಿಂದ ಆ ಮೂಲೆಗೆ ನೋಡಿದಳು. "ಏನ್ ಡಾಕ್ಟ್ರೆ, ಗಾಡಿ ಖಾಲಿ ಹೊಡೀತಿದೆ?"

"ಅದು... ಏನಾಯ್ತು ಅಂದ್ರೆ..." ಡಾಕ್ಟರಮ್ಮ ತಡವರಿಸಿದರು. ಈಗಲೇ ಹೇಳಿಬಿಡಬೇಕು, ತಪ್ಪಾಗಿದೆ, ವ್ಯಾನು ವಾಪಸ್ ಕರೆಸಬೇಕು ಎಂದು ಬಾಯಿ ತೆರೆದರು. ಸರಿಯಾಗಿ ಅದೇ ಹೊತ್ತಿಗೆ ಕಂಡಕ್ಟರಕ್ಕನ ಫೋನು ಬಡಿದುಕೊಂಡಿತು. ತಂಗುಮನೆಯ ವಾರ್ಡನ್! ಕಂಡಕ್ಟರಕ್ಕ ಎಲ್ಲರಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದಳು.

"ಅಕ್ಕಾ, ನಿಮ್ಮ ಅಧ್ಯಕ್ಷರು ಮನುಷ್ಯರಲ್ಲ ಅಕ್ಕಾ! ತಮ್ಮ ಹಾಲನ್ನೇ ಕಳಿಸಿದ್ದಾರೆ! ಹೊಸಾ ಸೋಫಾ, ಕವರೂ ಬಿಚ್ಚಿಲ್ಲ! ನಮ್ಮಲ್ಲಿದ್ದ ಇಸ್ತ್ರಿ ಕೆಲಸದವಳು ಇವತ್ತು ತಾಯಿ ಜೊತೆ ಬಾಡಿಗೆ ಕೋಣೆಗೆ ಹೋಗ್ತಿದ್ದಾಳಲ್ಲ, ಅವಳಿಗೇ ಕೊಟ್ವಿ. ಮುಟ್ಟಿ ಮುಟ್ಟಿ ನೋಡ್ತಾಳೆ ಅಕ್ಕಾ. ಇಷ್ಟು ವರ್ಷದಲ್ಲಿ ನಮಗೆ ಮುರಿದದ್ದು ಬಿಟ್ಟು ಬೇರೆ ಬಂದಿರಲಿಲ್ಲ..." ಮುಂದಿನದು ಅಳುವಿನಲ್ಲಿ ಕಲಸಿಹೋಯಿತು.

ಫೋನು ಇಟ್ಟಾಗಲೂ ಡಾಕ್ಟರಮ್ಮನ ಬಾಯಿ ತೆರೆದದ್ದು ತೆರೆದೇ ಇತ್ತು. ಆಮೇಲೆ ಚಪ್ಪಾಳೆ! ಖಾಲಿ ಗೋಡೆಗಳು ಸೇರಿಕೊಂಡು ಒಂದಕ್ಕೆ ಮೂರಾಗಿ ಮೊಳಗಿಸಿದವು. ಟೈಲರಮ್ಮ ಮೂಗು ಒರೆಸಿಕೊಂಡರು. "ನಾನು ಮುಕ್ಕಾದ ಕಪ್ಪುಗಳನ್ನ ಕೊಟ್ಟಿದ್ದೆ ಡಾಕ್ಟ್ರೆ. ನಾಚಿಕೆ ಆಗ್ತಿದೆ. ನಮ್ಮನೇಲಿ ಎರಡು ಹೊಲಿಗೆ ಮೆಷಿನ್ನಿದೆ. ಚೆನ್ನಾಗಿರೋದನ್ನೇ ಕಳಿಸ್ತೀನಿ."

"ನಮ್ಮನೆ ಬೀರು!" "ನಮ್ಮ ಹೊಸ ಕುಕ್ಕರ್!" ಹರಾಜಿನ ಹಾಗೆ ಕೂಗು ಎದ್ದಿತು. ಹೊಸಬರಲ್ಲಿ ಒಬ್ಬಳು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟಳು. "ಇಲ್ಲಿ ಬರೋಕೆ ಮುಂಚೆ ಹೆದರಿದ್ದೆ ಕಣ್ರೀ. ಡಾಕ್ಟ್ರ ಮನೆ, ಸೋಫಾದ ಮೇಲೆ ಹೇಗೆ ಕೂರೋದೋ, ಟೀ ಚೆಲ್ಲಿದ್ರೆ ಏನು ಗತಿಯೋ ಅಂತ. ಇದಾದ್ರೆ ನಮ್ಮನೆ ಹಾಗೇ ಇದೆ. ನನ್ನ ಹೆಸರು ಬರ್ಕೊಳ್ಳಿ!" ಉಳಿದ ಹೊಸಬರೂ ಸಾಲಾಗಿ ಕೂತರು. ಯಜಮಾನರು ಗಡಿಯಾಚೆಯಿಂದ ಟಿಕೆಟ್ ಕೌಂಟರಿನವರ ಹಾಗೆ ಒಂದೊಂದೇ ಕಪ್ಪು ಟೀ ದಾಟಿಸಿದರು. "ಭಾಷಣ, ಭಾಷಣ!" ಎಂದು ಕಂಡಕ್ಟರಕ್ಕ ಸೀಟಿ ಊದಿದಳು. ಡಾಕ್ಟರಮ್ಮ ಎದ್ದು ನಿಂತರು. "ಗೆಳತಿಯರೇ! ಯಾವುದನ್ನು ಕೊಡುವಾಗ ಕರುಳು ಚುರ್ ಅನ್ನುತ್ತದೋ..." ಎಂದವರಿಗೆ ನಿಜಕ್ಕೂ ಕರುಳು ಚುರ್ ಎಂದಿತು, ಸೆರಗಿನಿಂದ ಕಣ್ಣೊರೆಸಿಕೊಂಡರು. ಅದಕ್ಕೂ ಚಪ್ಪಾಳೆ!

ಕೊನೆಗೆ ಎಲ್ಲ ಹೆಂಗಸರೂ ಸೆರಗು, ದುಪಟ್ಟಾ ಬಿಗಿದು, "ಕೈಗೂಡು! ಕೈಗೂಡು!" ಎಂದು ಕೂಗುತ್ತಾ ಸಿಕ್ಕಿಕೊಂಡ ಸೋಫಾವನ್ನು ಎಳೆದರು. ಬಾಗಿಲಿನ ಚೌಕಟ್ಟಿನ ಒಂದು ಚಕ್ಕೆಯನ್ನು ಹೊತ್ತುಕೊಂಡು ಅದು ಹಾಲಿಗೆ ಬಂತು. ಅತ್ತೆ ಬಕೆಟ್ಟು ಬಿಟ್ಟು ಅದರ ಮೇಲೆ ಕೂತರು, ಸ್ಪ್ರಿಂಗು ಅವರನ್ನು ಮೇಲಕ್ಕೆ ಚಿಮ್ಮಿಸಿತು. "ಇದೇ ಇರ್ಲಿ," ಎಂದರು ಅತ್ತೆ, "ಏಳೋಕೆ ಯಾರೂ ಕೈ ಹಿಡೀಬೇಕಾಗಿಲ್ಲ."

ಇಷ್ಟಾದರೂ ಆಸೆ ಸಾಯುತ್ತದೆಯೇ? ಮಾರನೆಯ ಬೆಳಿಗ್ಗೆ ಡಾಕ್ಟರಮ್ಮ ಯಾರಿಗೂ ಹೇಳದೆ ಇಸ್ತ್ರಿ ಕೆಲಸದವಳ ಬಾಡಿಗೆ ಕೋಣೆ ಹುಡುಕಿಕೊಂಡು ಹೊರಟರು. ನಯವಾಗಿ ಮಾತಾಡುವುದು, ಬೇರೆ ಸೋಫಾ ಕೊಡಿಸುತ್ತೇನೆ ಎನ್ನುವುದು, ನವಿಲನ್ನು ಮನೆಗೆ ಕರೆತರುವುದು. ಇದು ಯೋಜನೆ.

ಬಾಗಿಲು ತೆಗೆದವಳ ಮುಖದಲ್ಲಿ ಆಗಲೇ ಸ್ವಂತ ಮನೆಯೊಡತಿಯ ಕಳೆಯಿತ್ತು. ಡಾಕ್ಟರಮ್ಮ 'ಕೈಗೂಡು' ಬಳಗದವಳು ಎಂದಷ್ಟೇ ಹೇಳಿಕೊಂಡರು. "ಬಳಗದಿಂದ ಬಂದ್ರಾ ಅಕ್ಕಾ? ಬನ್ನಿ ಬನ್ನಿ, ನಮ್ಮನೆಗೆ ಮೊದಲನೇ ನೆಂಟರು ನೀವೇ! ಕೂತ್ಕೊಳ್ಳಿ."

ಕೋಣೆಯ ಮುಕ್ಕಾಲು ಭಾಗ ಸೋಫಾವೇ. ಪ್ಲಾಸ್ಟಿಕ್ಕು ಕಿತ್ತೆಸೆದಾಗಿತ್ತು. ಒಂದು ತುದಿಯಲ್ಲಿ ಆಕೆಯ ತಾಯಿ ಕಾಲು ಚಾಚಿ, ಬಾಯಿ ತೆರೆದು, ಪ್ರಪಂಚದ ಗೊಡವೆಯಿಲ್ಲದೆ ಗೊರಕೆ ಹೊಡೆಯುತ್ತಿದ್ದರು. "ಎಷ್ಟು ವರ್ಷ ಆಗಿತ್ತು ಅಕ್ಕಾ, ಅಮ್ಮ ಬಾಗಿಲ ಕಡೆ ನೋಡ್ದೆ ನಿದ್ದೆ ಮಾಡಿ," ಎಂದಳು ಆಕೆ ಪಿಸುದನಿಯಲ್ಲಿ. ಡಾಕ್ಟರಮ್ಮ ತಮ್ಮದೇ ಸೋಫಾದ ಮೇಲೆ ಮೊಟ್ಟಮೊದಲ ಬಾರಿಗೆ ಕೂತರು. ಸಿದ್ಧಮಾಡಿಕೊಂಡು ಬಂದಿದ್ದ ನಯವಾದ ಮಾತುಗಳು ಒಂದೊಂದಾಗಿ ಎದ್ದು ಹೊರಗೆ ಹೋದವು.

"ಸೋಫಾ ಚೆನ್ನಾಗಿದೆಯಾ?" ಎಂದಷ್ಟೇ ಕೇಳಿದರು.

"ಬಂಗಾರದಂಗಿದೆ. ಆದ್ರೆ ಒಂದು ಮಾತು, ಯಾರಿಗೂ ಹೇಳ್ಬೇಡಿ." ಆಕೆ ಹತ್ತಿರ ಸರಿದಳು. "ಇಂಥದಕ್ಕೆ ಜೊತೆಗೆ ನಾಲ್ಕು ದಿಂಬು ಬರತ್ತಂತೆ, ನಾನು ಇಸ್ತ್ರಿ ಮಾಡೋ ಮನೇಲೂ ಇಂಥದೇ ಇದೆ. ನಿಮ್ಮ ಅಧ್ಯಕ್ಷರು ಅದನ್ನ ಮಾತ್ರ ಇಟ್ಕೊಂಡಿರ್ಬೇಕು. ಪಾಪ, ಅವರಿಗೂ ಆಸೆ ಇರಲ್ವಾ? ಇರ್ಲಿ ಬಿಡಿ ಅಕ್ಕಾ, ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು."

ಡಾಕ್ಟರಮ್ಮನ ಮುಖ ಕೆಂಪಾಯಿತು. ದಿಂಬುಗಳು ಕೊಳೆಯಾಗದಿರಲೆಂದು ಅವರ ಬೀರುವಿನಲ್ಲಿ, ಬೀಗದೊಳಗೆ, ಬಟ್ಟೆ ಸುತ್ತಿಕೊಂಡು ಮಲಗಿದ್ದವು!

ಮನೆಗೆ ಬಂದವರೇ ಬೀರು ತೆರೆದು, ನಾಲ್ಕನ್ನೂ ಕಂಕುಳಿಗೆ ಇರುಕಿಕೊಂಡು, ಬಂದಷ್ಟೇ ವೇಗವಾಗಿ ಹೊರಟರು. ಯಜಮಾನರು ಕರಡಿನಿಂದ ತಲೆ ಎತ್ತಿದರು.

"ಎಲ್ಲಿಗೆ ಹೊರಟೆ, ಇವತ್ತು ಕ್ಲಿನಿಕ್ಕಿಗೆ ರಜಾ ಅಲ್ವಾ?"

"ರಜಾ ಗಿಜಾ ಏನೂ ಇಲ್ಲ! ದಾನಕ್ಕೆ ಕೊಟ್ಟ ಹಸುಗೆ ನಾಲ್ಕು ಹಲ್ಲು ಕಮ್ಮಿ ಇದೆಯಂತೆ, ಕಟ್ಟಿ ಬರ್ತೀನಿ!"