ಅಲ್ಲಾಡದ ನೆಲ

ಅಂಟಿನ ಡಬ್ಬದ ಮುಚ್ಚಳ ತೆಗೆದೊಡನೆ ಡ್ರಾಯಿಂಗ್ ಮೇಷ್ಟ್ರ ಮೂಗಿಗೆ ಬಾಲ್ಯ ಬಡಿಯಿತು. ಅಪ್ಪ ಸೈಕಲ್ ಟ್ಯೂಬಿಗೆ ಪಂಕ್ಚರ್ ಹಾಕುವಾಗ ಬರುತ್ತಿದ್ದ ಅದೇ ಘಾಟು! ಅಪ್ಪ ಅಂಟಿಸಿದ್ದು ಎಂದೂ ಬಿಟ್ಟುಕೊಂಡಿರಲಿಲ್ಲ. ಅಂಥವರ ಮಗನಿಗೆ ನೆಲಕ್ಕೆ ಪ್ಲಾಸ್ಟಿಕ್ಕಿನ ನಾಲ್ಕು ವಿನೈಲ್ ಟೈಲ್ಸ್ ಅಂಟಿಸುವುದು ಯಾವ ಮಹಾ?

ನಿವೃತ್ತಿಯಾದ ಮೇಲೆ ಅವರು ಕೊಂಡ ಹಳೆಯ ವ್ಯಾನಿನೊಳಗೆ ಮಂಚ, ಒಲೆ, ಬಚ್ಚಲು ಎಲ್ಲವೂ ಇದ್ದವು. ಮನೆಗೇ ಚಕ್ರ ಮೂಡಿದ ಹಾಗೆ. ಬೆಳಗಾದರೆ ಹೆಂಡತಿಗೆ ಮೊದಲ ಸಲ ಸಮುದ್ರ ತೋರಿಸಲು ಹೊರಡಬೇಕು. ಆದರೆ ಒಲೆಯ ಮುಂದಿನ ಟೈಲ್ಸ್ ಹಳೆಯ ಬೂಟಿನಂತೆ ಬಾಯಿ ಬಿಟ್ಟಿದ್ದವು. ಎಡವಿದ ಹೆಂಡತಿಯ ಕಾಲ್ಬೆರಳು ಬಾತುಕೊಂಡಿತ್ತು.

"ಅದು ಸರಿಯಾಗೋವರೆಗೂ ನಾನು ಒಳಗೆ ಕಾಲಿಡಲ್ಲ ರೀ. ಸಮುದ್ರ ಎಲ್ಲೂ ಓಡಿಹೋಗಲ್ಲ."

"ಸಂಜೆಯೊಳಗೆ ನೋಡ್ತಿರು!"

ಹೆಂಡತಿಯ ಹೇರ್ ಡ್ರೈಯರಿನಿಂದ ಬಿಸಿ ಮಾಡಿ ಮೇಷ್ಟ್ರು ಹಳೆಯ ಟೈಲ್ಸ್ ಎಬ್ಬಿಸಿದರು. ಕೆಳಗೆ ಒಂದು ಚೌಕದ ಹಲಗೆ ಸಡಿಲ ಹಲ್ಲಿನಂತೆ ಅಲ್ಲಾಡಿತು. ಅಷ್ಟರಲ್ಲಿ ಕರೆಯದೆಯೂ ಬರುವ ಪಕ್ಕದ ಮನೆಯ ಸಲಹೆರಾಯರು ಇಣುಕಿದರು.

"ಕಳ್ಳ ಸಿಕ್ಕಿಬಿದ್ದ ನೋಡಿ! ಯಾರೋ ತೇಪೆ ಹಾಕಿ ಮೊಳೆ ಹೊಡೆಯೋಕೂ ಸೋಮಾರಿತನ ಮಾಡಿದ್ದಾರೆ. ಹಲಗೆ ಕುಣಿದ್ರೆ ಟೈಲ್ಸ್ ನಿಲ್ಲತ್ತಾ? ಸುತ್ತ ಅಂಟು ಸುರೀರಿ, ಮೇಷ್ಟ್ರೇ."

"ಇಷ್ಟು ಸಾಕಾ?"

"ಅಂಟಿಗೇನು ಬರವೇ? ಸುರೀರಿ!"

ಮೇಷ್ಟ್ರು ಸುರಿದರು. ಸಾಲದೆಂದು ಉದ್ದನೆಯ ಸ್ಕ್ರೂಗಳನ್ನೂ ಬಿಗಿದರು. ಗಟ್ಟಿಯಾಯಿತೇ ಎಂದು ತುಳಿದು ನೋಡಿದ ಸಲಹೆರಾಯರ ಚಪ್ಪಲಿ ಅಲ್ಲೇ ಕೂತುಬಿಟ್ಟಿತು. ಇಬ್ಬರೂ ಸೇರಿ ಎಳೆದಾಗ ಚಪ್ಪಲಿ ಬಂತು, ಅಟ್ಟೆ ಬರಲಿಲ್ಲ. ಅದನ್ನು ಹೆರೆದು ತೆಗೆಯುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು. ಬೀರುವಿನ ಮೂಲೆಗೆ ಕತ್ತರಿಸಿದ ಮೊದಲ ಟೈಲು ಎಡಬಲ ತಿರುಗುಮುರುಗಾಗಿ ವ್ಯರ್ಥವಾಯಿತು. ಎರಡನೆಯದು ಮಾತ್ರ ಬೆರಳಿಗೆ ಉಗುರಿನಂತೆ ಕೂತಿತು.

ಸಂಜೆ ಹೆಂಡತಿ ಬಾತ ಬೆರಳನ್ನು ಮೆಲ್ಲಗೆ ಊರಿ ಒಳಗೆ ಬಂದರು. "ಕನ್ನಡಿ ಇದ್ದಂಗಿದೆಯಲ್ಲ ರೀ!" ಎಂದು ಬುತ್ತಿಯ ಡಬ್ಬಗಳನ್ನು ತಂದು ಜೋಡಿಸತೊಡಗಿದರು. ಮೇಷ್ಟ್ರ ಎದೆ ಉಬ್ಬಿತು.

ಹೊರಡುವ ಮುಂಚೆ ಗಾಡಿ ನೋಡಲು ಮೆಕ್ಯಾನಿಕ್ ಬಂದ. ಕೀಲಿ ತಿರುಗಿಸಿದರೆ ಇಂಜಿನ್ ಬಿಕ್ಕಳಿಸಿ ಸುಮ್ಮನಾಯಿತು.

"ಬ್ಯಾಟರಿ ಇಳಿದಿದೆ ಸಾರ್. ತೆಗೆದು ರಾತ್ರಿ ಚಾರ್ಜಿಗೆ ಹಾಕಿದ್ರೆ ಬೆಳಿಗ್ಗೆ ಹೊರಡಬಹುದು."

"ಧಾರಾಳವಾಗಿ ತೆಗಿಯಪ್ಪ."

ಮೆಕ್ಯಾನಿಕ್ ಒಲೆಯ ಮುಂದೆ ಮಂಡಿಯೂರಿ ನೆಲ ತಡವಿದ. "ಇಲ್ಲೊಂದು ಮುಚ್ಚಳ ಇತ್ತಲ್ಲ? ಮರದ್ದು, ಅಲ್ಲಾಡೋದು? ಬ್ಯಾಟರಿ ಅದರ ಕೆಳಗೇ ಇರೋದು. ಹಳೇ ಯಜಮಾನ್ರ ಕಾಲದಲ್ಲಿ ನಾನೇ ಎಬ್ಬಿಸಿ ಎಬ್ಬಿಸಿ ಆ ಟೈಲ್ಸ್ ಅಂಚೆಲ್ಲ ಹಾಳಾಗಿತ್ತು."

"ನಮ್ಮನೇಲಿ ಹಾಲು ಒಲೆ ಮೇಲಿದೆ," ಎಂದು ಅಲ್ಲೇ ನಿಂತಿದ್ದ ಸಲಹೆರಾಯರು ಒಂಟಿ ಚಪ್ಪಲಿಯಲ್ಲೇ ಜಾರಿದರು.

ಉಳಿ, ಸುತ್ತಿಗೆ, ಹಾರೆ ಎಲ್ಲ ಬಂದವು. ಹೊಸ ಟೈಲ್ಸ್ ಚೂರಾದವು, ಸ್ಕ್ರೂಗಳೂ ಹೊರಬಂದವು. ಹಲಗೆ ಮಾತ್ರ ಮಿಸುಕಲಿಲ್ಲ.

"ನೆಲಾನೇ ಕೊಯ್ಯಬೇಕು ಸಾರ್. ಅದಕ್ಕೆ ಮಿಷನ್ ಬರೋದು ಮುಂದಿನ ವಾರ," ಎಂದು ಮೆಕ್ಯಾನಿಕ್ ಬೆವರು ಒರೆಸಿಕೊಂಡ.

ಮೇಷ್ಟ್ರು ಚೂರುಗಳ ನಡುವೆ ಕುಸಿದು ಕೂತರು. ಹೆಂಡತಿ ಬುತ್ತಿ ಬಿಚ್ಚಿ ಮೊದಲು ಮೆಕ್ಯಾನಿಕ್ಕಿಗೆ, ಆಮೇಲೆ ಗಂಡನಿಗೆ ತಟ್ಟೆ ಕೊಟ್ಟರು. ಗಂಡನ ಬೆರಳೆಲ್ಲ ಅಂಟಾಗಿದ್ದುದರಿಂದ ಆ ತಟ್ಟೆಯಲ್ಲಿ ಒಂದು ಚಮಚವೂ ಇತ್ತು.